ಕನ್ನಡ ಮೀಡಿಯಂನವರಿಗೂ ಜರ್ಮನ್ ಬರುತ್ತದೆ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಓಣಿಯ ಹುಡುಗರು ಪಿಯುಸಿ ಮುಗಿಸಿದ ಮೇಲೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳುತ್ತಾರೆ. “ಅಕ್ಕಾ, ನಮಗ ಇಂಗ್ಲಿಷೇ ನೆಟ್ಟಗ ಬರೂದಿಲ್ಲ. ಜರ್ಮನ್ ಹೆಂಗ ಕಲಿಯೂದು?”

ನಾನೂ ಹತ್ತನೇ ತನಕ ಕನ್ನಡ ಮೀಡಿಯಂನಲ್ಲೇ ಓದಿದವಳು. ಅಪ್ಪನದು ಪವರ್‌ಲೂಮ್ ಕೆಲಸ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ. ಜರ್ಮನ್ ಬಿಎಗೆ ಸೇರಬೇಕು ಅಂದಾಗ ಎಲ್ಲರೂ ಮೊದಲು ಇಂಗ್ಲಿಷ್ ಗಟ್ಟಿ ಮಾಡಿಕೋ ಅಂದರು. ಇಷ್ಟು ವರ್ಷ ಜರ್ಮನ್ ಜೊತೆ ಬದುಕಿದ ಮೇಲೆ ಹೇಳುತ್ತೇನೆ, ಆ ಸಲಹೆ ಅರ್ಧ ಮಾತ್ರ ಸರಿ. ಎಷ್ಟೋ ಶಬ್ದಗಳಿಗೆ ಇಂಗ್ಲಿಷಿನ ನೆಂಟಸ್ತನ ಇದೆ, ನಿಜ. ಆದರೆ ವಾಕ್ಯ ಕಟ್ಟುವಾಗ ನನ್ನ ಕೈ ಹಿಡಿದದ್ದು ಕನ್ನಡ.

ಒಂದು ವಾಕ್ಯ ನೋಡಿ. “ಇಷ್ ವೈಸ್, ದಾಸ್ ಝೀ ಗೆಸ್ಟರ್ನ್ ಇನ್ ಬೆಳಗಾವಿ ವಾರ್.” ಅವಳು ನಿನ್ನೆ ಬೆಳಗಾವಿಯಲ್ಲಿ ಇದ್ದಳು ಅಂತ ನನಗೆ ಗೊತ್ತು. “ಝೀ” ಅಂದರೆ ಅವಳು, “ಗೆಸ್ಟರ್ನ್” ನಿನ್ನೆ, “ವಾರ್” ಇದ್ದಳು. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ನಮ್ಮಲ್ಲಿ ಕೂತಂತೆಯೇ. ಮುಖ್ಯ ವಾಕ್ಯದಲ್ಲಿ ಹಾಗಲ್ಲ, ಅಲ್ಲಿ ಅದರ ಜಾಗ ಎರಡನೆಯದು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದವರು ಈ ಉಪವಾಕ್ಯಕ್ಕೆ ತಿಂಗಳುಗಟ್ಟಲೆ ಒದ್ದಾಡಿದರು. ನನಗೆ ಅದು ಅಮ್ಮ ಮಾತಾಡಿದ ಹಾಗೇ ಕೇಳಿಸುತ್ತಿತ್ತು.

ಚಳಿಯಾದರೆ ಜರ್ಮನ್ನರು “ಮಿರ್ ಇಸ್ಟ್ ಕಾಲ್ಟ್” ಅನ್ನುತ್ತಾರೆ. ನಾವೂ ನನಗೆ ಚಳಿ ಅಂತೀವಲ್ವಾ? ಅದೇ ಚತುರ್ಥಿ ವಿಭಕ್ತಿ. ಅವರಲ್ಲಿ ಇರುವುದು ನಾಲ್ಕೇ ವಿಭಕ್ತಿ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಅಂತ ಬಾಯಿಪಾಠ ಮಾಡಿದ ಮಕ್ಕಳು ಅದಕ್ಕೆ ಹೆದರಬೇಕಾಗಿಲ್ಲ.

ಕನ್ನಡ ಕೈಕೊಡುವ ಜಾಗದಲ್ಲಿ ಬೆಳಗಾವಿಯವರಿಗೆ ಮರಾಠಿ ಇದೆ. ಜರ್ಮನ್‌ನಲ್ಲಿ 24 ಹೇಳುವಾಗ ನಾಲ್ಕು ಮೊದಲು, ಇಪ್ಪತ್ತು ಆಮೇಲೆ. ಖಡೇಬಜಾರಿನಲ್ಲಿ “ಚೋವೀಸ್” ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ. ಮೇಜು, ಬಾಗಿಲುಗಳಿಗೂ ಲಿಂಗ ಇರುತ್ತದೆ ಅನ್ನುವುದೂ ಮರಾಠಿಯಿಂದ ಗೊತ್ತಿತ್ತು. ಆದರೆ ಯಾವುದಕ್ಕೆ ಯಾವ ಲಿಂಗ ಅನ್ನುವುದು ಎರಡೂ ಭಾಷೆಗಳಲ್ಲಿ ಹೊಂದುವುದಿಲ್ಲ. ಲಿಂಗ ತೋರಿಸುವ ಡೆರ್, ಡೀ, ದಾಸ್ ಸೇರಿಸಿಯೇ ಪ್ರತಿ ನಾಮಪದ ಉರು ಹೊಡೆಯಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಬಿಎ ಮಾಡಿದ್ದು ಪುಣೆಯಲ್ಲಿ. ಎಫ್‌ಸಿ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ಇದೆ. ನಮ್ಮ ಕಡೆಯ ಬಹಳ ಮಂದಿ ಅಲ್ಲಿ ಕಲಿತಿದ್ದಾರೆ. ಬೆಳಗಾವಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಪುಣೆ. ದೂರ ಅಂತ ಮನೆಯವರು ಹೆದರುವಷ್ಟು ದೂರ ಅಲ್ಲ.

ಆಮೇಲೆ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ವಿದ್ಯಾರ್ಥಿ ವಿನಿಮಯದಲ್ಲಿ, ಒಂದು ಸೆಮಿಸ್ಟರ್ ಜರ್ಮನಿಯ ಟ್ಯೂಬಿಂಗನ್‌ಗೆ ಹೋದೆ. ನೆಕರ್ ನದಿಯ ದಂಡೆಯ ಊರು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಊರಿನ ಜನಸಂಖ್ಯೆ ಸುಮಾರು 90 ಸಾವಿರ, ಅದರಲ್ಲಿ ವಿದ್ಯಾರ್ಥಿಗಳೇ ಕಾಲು ಭಾಗಕ್ಕಿಂತ ಜಾಸ್ತಿ. ಲೈಬ್ರರಿ, ಕೆಫೆ, ಸೇತುವೆ, ಎಲ್ಲಿ ನೋಡಿದರೂ ಓದುವ ಹುಡುಗ ಹುಡುಗಿಯರೇ. ನನಗೆ ಧಾರವಾಡ ನೆನಪಾಯಿತು.

ಮನೆ ಮಾಲಕಿ ವಯಸ್ಸಾದವರು, ಒಬ್ಬರೇ ಇದ್ದರು. ಮೇಲಿನ ಕೋಣೆ ನನ್ನದು. ಟ್ಯೂಬಿಂಗನ್ ಇರುವ ಸ್ವಾಬಿಯಾ ಸೀಮೆಯಲ್ಲಿ ಕೇರ್‌ವೋಖೆ ಅಂತ ಹಳೇ ರೂಢಿ ಇದೆ. ಒಂದು ಕಟ್ಟಡದಲ್ಲಿ ಇರುವವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲು, ಪ್ಯಾಸೇಜು, ಮನೆ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ನನ್ನ ಬಾಗಿಲಿಗೆ ಫಲಕ ಬಂದ ವಾರ ಮಾಲಕಿ ತಾವೇ ಬಂದು ನಿಂತರು. ಪೊರಕೆಯನ್ನು ಓರೆ ಹಿಡಿದು ಮೆಟ್ಟಿಲಿನ ಮೂಲೆಯ ಧೂಳು ಮೊದಲು ಎಳೆಯಬೇಕು, ಆಮೇಲೆ ನಡುವಿನದು. ಮೇಲಿನಿಂದ ಕೆಳಕ್ಕೆ. ಕೊನೆಗೆ ಒದ್ದೆ ಬಟ್ಟೆ, ಅದೂ ಗಟ್ಟಿಯಾಗಿ ಹಿಂಡಿದ್ದು. ಕಂಬಿಯ ಕೆಳಗೆ ಬೆರಳಾಡಿಸಿ ನೋಡಿ ತಲೆ ಆಡಿಸಿದರು. ನಮ್ಮಲ್ಲಿ ನಸುಕಿಗೆ ಎದ್ದು ಅಂಗಳ ಕಸ ಹೊಡೆದು ನೀರು ಚಿಮುಕಿಸುವ ಮನೆಯಿಂದ ಹೋದವಳಿಗೆ ಆ ಶಿಸ್ತು ಬಹಳ ಹಿಡಿಸಿತು. ವ್ಯತ್ಯಾಸ ಒಂದೇ. ನಮ್ಮಲ್ಲಿ ಅದು ಹೆಂಗಸರ ಕೆಲಸ. ಅಲ್ಲಿ ಕೆಳಗಿನ ಮನೆಯ ಗಂಡಸೂ ತನ್ನ ವಾರ ಬಂದಾಗ ಪೊರಕೆ ಹಿಡಿಯುತ್ತಿದ್ದರು. ಇದನ್ನು ಊರಿಗೆ ಬಂದು ಅಣ್ಣನಿಗೆ ಹೇಳಿದೆ. ಈಗಲೂ ಹೇಳುತ್ತಲೇ ಇದ್ದೇನೆ.

ಆ ಮಾಲಕಿ ಮಾತಾಡುತ್ತಿದ್ದುದು ಪುಸ್ತಕದ ಜರ್ಮನ್ ಅಲ್ಲ, ಸ್ವಾಬಿಯನ್. “ಇಷ್ ಹಾಬೆ” ಅಂತ ನಾವು ಕಲಿತದ್ದು ಅವರ ಬಾಯಲ್ಲಿ “ಇ ಹಾನ್”. ಚಿಕ್ಕದು, ಮುದ್ದಾದದ್ದು ಅನ್ನಲು ಎಲ್ಲದರ ಕೊನೆಗೂ ಒಂದು “ಲೆ”. ದೊಡ್ಡ ನಗರಗಳಿಂದ ಬಂದ ಗೆಳತಿಯರಿಗೆ ಇದು ಅಶುದ್ಧ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಬರೆಯುವಾಗ “ಬರುತ್ತೇನೆ”, ಮಾತಾಡುವಾಗ “ಬರ್ತೀನ್ರಿ” ಅನ್ನುವವರು ನಾವು. ಊರ ಮಾತು, ಪುಸ್ತಕದ ಮಾತು ಎರಡಕ್ಕೂ ಮರ್ಯಾದೆ ಇದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫರ್ಡಿನಾಂಡ್ ಕಿಟೆಲ್ ಅವರು ಕೊನೆಗಾಲದಲ್ಲಿ ಇದ್ದದ್ದೂ ಇದೇ ಟ್ಯೂಬಿಂಗನ್‌ನಲ್ಲಿ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್‌ನಿಂದ ನಮ್ಮ ನಾಡಿಗೆ ಬಂದವರು. ಸುಮಾರು 70 ಸಾವಿರ ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅಲ್ಲೇ ತೀರಿಕೊಂಡರು. ಅವರ ನಿಘಂಟಿನಲ್ಲಿ ಕೆಲವು ಪದಗಳ ಮುಂದೆ ದಕ್ಷಿಣ ಮರಾಠಾ ಸೀಮೆಯದು ಅಂತ ಗುರುತು ಇದೆ. ಅಂದರೆ ಬೆಳಗಾವಿ, ಧಾರವಾಡದ ನಮ್ಮ ಕಡೆ. ಜರ್ಮನಿಯಿಂದ ಬಂದವರೊಬ್ಬರು ನಮ್ಮ ಓಣಿಯ ಮಾತನ್ನು ತಪ್ಪು ಕನ್ನಡ ಅಂತ ತಳ್ಳದೆ ಬರೆದಿಟ್ಟುಕೊಂಡರಲ್ಲ, ಅದಕ್ಕೆ ಅವರ ಮೇಲೆ ನನಗೆ ತುಂಬ ಪ್ರೀತಿ.

ಖರ್ಚಿನ ವಿಷಯ ಎಲ್ಲರೂ ಕೇಳುತ್ತಾರೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1500 ಯೂರೋ ಕೊಡಬೇಕು. ಎಕ್ಸ್‌ಚೇಂಜ್‌ನಲ್ಲಿ ಹೋದವರಿಗೆ ಅದೂ ಇಲ್ಲ. ಪೂರ್ತಿ ಡಿಗ್ರಿಗೆ ಹೋಗುವುದಾದರೆ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಲು ಬಿಡುವ ಬ್ಯಾಂಕ್ ಖಾತೆಯಲ್ಲಿ, ಒಂದು ವರ್ಷದ ಖರ್ಚು ತೋರಿಸಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ದೊಡ್ಡ ಮೊತ್ತ. ಅದಕ್ಕೇ ಕಾಲೇಜು ಆರಿಸುವಾಗ ಅಲ್ಲಿ ಎಕ್ಸ್‌ಚೇಂಜ್ ಇದೆಯಾ ಅಂತ ಮೊದಲೇ ವಿಚಾರಿಸಿ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ಕೊಡುವ ಸ್ಕಾಲರ್‌ಶಿಪ್‌ಗಳನ್ನೂ ನೋಡಿ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಅಟ್ಟದ ಮೇಲೆ ಎ1, ಅಂದರೆ ಜರ್ಮನ್‌ನ ಮೊದಲ ಹಂತದ ಪಾಠ ಹೇಳಿಕೊಡುತ್ತಿದ್ದೇನೆ, ಕನ್ನಡದಲ್ಲೇ. ವ್ಯಾಕರಣ ಬಿಡಿಸುವಾಗ ಇಂಗ್ಲಿಷ್ ಬಳಸುವುದಿಲ್ಲ. ಬರಬೇಕೆನ್ನುವವರು ಒಂದು ದಪ್ಪ ನೋಟ್‌ಬುಕ್ ತನ್ನಿ. ಎಂಟನೇ ಕ್ಲಾಸಿನ ಕನ್ನಡ ವ್ಯಾಕರಣದ ಪುಸ್ತಕ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಅದನ್ನೂ ತನ್ನಿ, ವಿಭಕ್ತಿ ಪಾಠಕ್ಕೆ ಬೇಕಾಗುತ್ತದೆ.