ಡರ್ಟ್ ಬೈಕ್‌ಗೆ ಸೈಕಲ್ ಮೀಟರ್

ತುಮಕೂರಿನ ಶಿರಾ ಗೇಟ್ ಕಡೆ ಇರುವ ನಮ್ಮ ಗ್ಯಾರೇಜಿಗೆ ಆಗೊಮ್ಮೆ ಈಗೊಮ್ಮೆ ಡರ್ಟ್ ಬೈಕ್ ಬರುತ್ತದೆ, ಅದೂ ಗೂಡ್ಸ್ ಆಟೋದಲ್ಲಿ. ರೇಸಿಗೆಂದೇ ಮಾಡಿದ ಗಾಡಿ. ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಸ್ಪೀಡೋಮೀಟರೂ ಇಲ್ಲ. ರಸ್ತೆಗೆ ಇಳಿಸುವ ಹಾಗೂ ಇಲ್ಲ.

"ಅಣ್ಣ, ಎಷ್ಟು ಸ್ಪೀಡಲ್ಲಿ ಹೋಗ್ತೀನಿ ಅಂತ ಗೊತ್ತಾಗ್ಬೇಕು, ಸೈಕಲ್ ಮೀಟರ್ ಹಾಕ್ಕೊಡಿ" ಅಂತ ಹುಡುಗರು ಕೇಳುತ್ತಾರೆ. ಸೈಕಲ್ ಮೀಟರ್ ಅಂದರೆ ಹ್ಯಾಂಡಲಿಗೆ ಹಾಕುವ ಪುಟ್ಟ ಡಿಜಿಟಲ್ ಮೀಟರ್. ಚಕ್ರದ ಜೊತೆ ತಿರುಗುವ ಮ್ಯಾಗ್ನೆಟ್ ಫೋರ್ಕಿಗೆ ಕಟ್ಟಿದ ಸೆನ್ಸರಿನ ಮುಂದೆ ಹಾದಾಗೆಲ್ಲ ಅದು ಒಂದು ಸುತ್ತು ಅಂತ ಎಣಿಸುತ್ತದೆ. ದಿಣ್ಣೆ ಹಾರಿಸುವಾಗ ಮೀಟರ್ ನೋಡೋಕೆ ಪುರುಸೊತ್ತೆಲ್ಲಿ? ಅದಕ್ಕೇ ಎಷ್ಟು ಹೊತ್ತು ಓಡಿತು ಅನ್ನುವುದನ್ನು ನೋಡಿಕೊಳ್ಳಿ ಅಂತ ನಾನು ಹೇಳುತ್ತೇನೆ. ಇಂಥ ಇಂಜಿನ್‌ಗೆ ಆಯಿಲ್, ಪಿಸ್ಟನ್ ಬದಲಿಸುವ ಲೆಕ್ಕ ಗಂಟೆಯಲ್ಲಿ ಇರುತ್ತದೆ, ಕಿಲೋಮೀಟರಿನಲ್ಲಲ್ಲ. ಸೈಕಲ್ ಮೀಟರ್ ಚಕ್ರ ತಿರುಗಿದ ಹೊತ್ತನ್ನು ತೋರಿಸುತ್ತದೆ. ನಿಂತಲ್ಲೇ ಇಂಜಿನ್ ಓಡಿದ್ದು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಸರ್ವಿಸನ್ನು ಸ್ವಲ್ಪ ಮುಂಚೆಯೇ ಮಾಡಿಸಬೇಕು.

ತಂತಿ ಇರುವ ಮೀಟರನ್ನೇ ತರಿಸುತ್ತೇನೆ. ವೈರ್‌ಲೆಸ್ ನೋಡೋಕೆ ಚೆಂದ, ಆದರೆ ಸ್ಪಾರ್ಕ್ ಪ್ಲಗ್ಗಿನ ವಿದ್ಯುತ್ ಗದ್ದಲಕ್ಕೆ ಸುಮ್ನೆ ಏನೇನೋ ನಂಬರ್ ತೋರಿಸಬಹುದು. ಬೈಕಿನಲ್ಲಿ ಬ್ಯಾಟರಿ ಇಲ್ಲದಿದ್ದರೂ ತೊಂದರೆ ಇಲ್ಲ, ಮೀಟರಿಗೆ ಅದರದೇ ಬಟನ್ ಸೆಲ್ ಇರುತ್ತದೆ.

ನಿಜವಾದ ಕೆಲಸ ಇರುವುದು ಮ್ಯಾಗ್ನೆಟ್‌ನಲ್ಲಿ. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಮ್ಯಾಗ್ನೆಟ್ ಸೈಕಲ್ ಕಡ್ಡಿಗೆ ಮಾಡಿದ್ದು. ಡರ್ಟ್ ಬೈಕಿನ ಕಡ್ಡಿ ದಪ್ಪ, ಕೆಸರು, ಕಲ್ಲು ಬೇರೆ. ಅದು ಉಳಿಯಲ್ಲ. ಮುಂದಿನ ಬ್ರೇಕ್ ಡಿಸ್ಕನ್ನು ಹಬ್ಬಿಗೆ (ಚಕ್ರದ ನಡುಭಾಗಕ್ಕೆ) ಹಿಡಿದ ಬೋಲ್ಟ್‌ಗಳಲ್ಲಿ ಅಲೆನ್ ಕೀ ಕೂರುವ ಗುಂಡಿ ಇದ್ದರೆ, ಅವುಗಳಲ್ಲಿ ಒಂದರೊಳಗೆ ಮಾತ್ರ ಚಿಕ್ಕ ನಿಯೋಡಿಮಿಯಮ್ ಮ್ಯಾಗ್ನೆಟ್ ಕೂರಿಸುತ್ತೇನೆ. ಬೋಲ್ಟ್ ಉಕ್ಕಿನದು, ತಾನೇ ಹಿಡಿದುಕೊಳ್ಳುತ್ತದೆ. ಮೇಲೆ ಸ್ವಲ್ಪ ಆರಲ್ಡೈಟ್ ಅಂಟು ಸಾಕು. ಡಿಸ್ಕಿನ ಅಂಚಿಗಂತೂ ಅಂಟಿಸಬೇಡಿ. ಸಾಮಾನ್ಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಬ್ರೇಕ್ ಹಿಡಿದ ಡಿಸ್ಕ್ ಅದಕ್ಕಿಂತ ಜಾಸ್ತಿ ಕಾಯುತ್ತದೆ.

ಸೆನ್ಸರಿನೊಳಗೆ ಇರುವುದು ರೀಡ್ ಸ್ವಿಚ್. ಮ್ಯಾಗ್ನೆಟ್ ಹತ್ತಿರ ಬಂದಾಗ ಎರಡು ತೆಳು ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ಅಷ್ಟೇ. ಅದನ್ನು ಫೋರ್ಕಿನ ಕೆಳತುದಿಗೆ, ಮ್ಯಾಗ್ನೆಟ್‌ಗೆ 3 ಮಿಲಿಮೀಟರ್‌ ಆಸುಪಾಸಿನ ಅಂತರದಲ್ಲಿ ಕಟ್ಟಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಸ್ಪೀಡ್ ಎರಡರಷ್ಟು ತೋರಿಸಿದರೆ ಒಂದು ಸುತ್ತಿಗೆ ಸ್ವಿಚ್ ಎರಡು ಸಲ ತಾಗುತ್ತಿದೆ ಅಂತ ಅರ್ಥ. ಸೆನ್ಸರನ್ನು ಸ್ವಲ್ಪ ತಿರುಗಿಸಿ ಕಟ್ಟಿದರೆ ಸರಿಹೋಗುತ್ತದೆ.

ತಂತಿಯನ್ನು ಬ್ರೇಕ್ ಹೋಸ್ ಜೊತೆಗೇ ಒಯ್ಯಬೇಕು. ಈ ಬೈಕಿನ ಫೋರ್ಕ್ ಸುಮಾರು 300 ಮಿಲಿಮೀಟರ್‌ವರೆಗೂ ಕುಸಿದು ಏಳುತ್ತದೆ. ಬಿಗಿಯಾಗಿ ಕಟ್ಟಿದ ತಂತಿ ಮೊದಲ ಜಿಗಿತಕ್ಕೇ ಕಿತ್ತು ಬರುತ್ತದೆ. ಹೋಸ್ ಹೇಗೆ ಬಾಗುತ್ತದೋ ತಂತಿಯೂ ಹಾಗೇ ಬಾಗಲಿ. ಸೈಕಲ್ ತಂತಿ ಸಾಲದಿದ್ದರೆ ಬೆಸುಗೆ ಹಾಕಿ ಉದ್ದ ಮಾಡಿ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕುತ್ತೇನೆ.

ಇನ್ನು ಚಕ್ರದ ಸುತ್ತಳತೆ. ಎಣಿಸಿದ ಸುತ್ತಿನಿಂದ ಸ್ಪೀಡ್ ಲೆಕ್ಕ ಹಾಕಲು ಮೀಟರಿಗೆ ಇದನ್ನು ಹೇಳಿಕೊಡಬೇಕು. ಮೀಟರಿನ ಪಟ್ಟಿಯಲ್ಲಿ ಸೈಕಲ್ ಟೈರ್ ಮಾತ್ರ ಇರುತ್ತದೆ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ, ಮೇಲೆ ಒಬ್ಬರನ್ನು ಕೂರಿಸಿ, ಒಂದು ಸುತ್ತು ಉರುಳಿಸಿ ಟೇಪ್ ಹಿಡಿಯಿರಿ. 21 ಇಂಚಿನ ಮುಂದಿನ ಚಕ್ರಕ್ಕೆ 2100 ಮಿಲಿಮೀಟರ್ ದಾಟಿ ಬರುತ್ತದೆ. ಸಿಕ್ಕ ಅಳತೆಯನ್ನು ಮೀಟರಿನ ಹಿಂಭಾಗಕ್ಕೆ ಪೇಂಟ್ ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಸೆಲ್ ಬದಲಿಸಿದಾಗ ಅಗ್ಗದ ಮೀಟರ್‌ಗಳು ಎಲ್ಲವನ್ನೂ ಮರೆತುಬಿಡುತ್ತವೆ, ಆಮೇಲೆ "ಅಣ್ಣ, ನಂಬರ್ ಎಷ್ಟಿತ್ತು?" ಅಂತ ಫೋನ್ ಬರುತ್ತದೆ ಅಲ್ವಾ.