ಬ್ರೆಟ್ ಹಾರ್ಟ್: ಎದುರಾಳಿಯ ಮೈ ಕಾದ ಕುಸ್ತಿಪಟು

ಕೆನಡಾದ ಬ್ರೆಟ್ ಹಾರ್ಟ್ ತಮ್ಮ ವೃತ್ತಿಜೀವನದ ಬಗ್ಗೆ ಮಾತನಾಡುವಾಗ, ಗೆದ್ದ ಪಟ್ಟಗಳಿಗಿಂತ ಹೆಚ್ಚಿನ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಒಂದಿದೆ. ಎರಡು ದಶಕಗಳಿಗೂ ಹೆಚ್ಚು ಕಾಲ ರಿಂಗಿನಲ್ಲಿ ಸೆಣಸಿದರೂ ತಮ್ಮ ಕೈಯಲ್ಲಿ ಯಾವ ಎದುರಾಳಿಗೂ ಗಂಭೀರ ಗಾಯವಾಗಲಿಲ್ಲ ಎಂಬುದೇ ಆ ಸಂಗತಿ. ಸೋಲು ಗೆಲುವು ಮೊದಲೇ ನಿಗದಿಯಾಗಿರುವ ವೃತ್ತಿಪರ ಕುಸ್ತಿಯಲ್ಲಿ ಇದೇನು ದೊಡ್ಡ ವಿಷಯ ಎಂದು ಕೇಳುವವರಿದ್ದಾರೆ. ಫಲಿತಾಂಶ ನಿಗದಿಯಾಗಿದ್ದರೂ ಬೀಳುವುದು ನಿಜವೇ. ನೂರು ಕಿಲೋ ತೂಗುವ ಮನುಷ್ಯನನ್ನು ಎತ್ತಿ ತಲೆಕೆಳಗಾಗಿ ಹಿಡಿದಾಗ ಅವನ ಕುತ್ತಿಗೆಯ ಕ್ಷೇಮವೆಲ್ಲ ಹಿಡಿದವನ ಕೈಯಲ್ಲಿರುತ್ತದೆ. ಬ್ರೆಟ್ ಅವರ ಬದುಕನ್ನು ಈ ಒಂದು ಹೊಣೆಯ ಮೂಲಕವೇ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ತಂದೆ ಸ್ಟೂ ಹಾರ್ಟ್ ಬಡತನದಲ್ಲಿ ಬೆಳೆದವರು; 1940ರಲ್ಲಿ ಕೆನಡಾದ ಹವ್ಯಾಸಿ ಕುಸ್ತಿಯ ಪಟ್ಟ ಗೆದ್ದವರು. ಎರಡನೇ ಮಹಾಯುದ್ಧದಿಂದಾಗಿ ಒಲಿಂಪಿಕ್ಸ್ ನಡೆಯದೇ ಹೋದದ್ದರಿಂದ ಅಲ್ಲಿ ಸೆಣಸುವ ಅವರ ಕನಸು ಅಷ್ಟಕ್ಕೇ ನಿಂತಿತು. 1948ರಲ್ಲಿ ಅವರು ಸ್ವಂತ ಕುಸ್ತಿ ಸಂಸ್ಥೆ ಕಟ್ಟಿದರು. ಅದೇ ಮುಂದೆ ಸ್ಟ್ಯಾಂಪೀಡ್ ರೆಸ್ಲಿಂಗ್ ಎಂದು ಹೆಸರಾಯಿತು. ಕ್ಯಾಲ್ಗರಿಯಲ್ಲಿ ಅವರು ಕೊಂಡ ದೊಡ್ಡ ಮನೆಯ ನೆಲಮಾಳಿಗೆಯಲ್ಲಿ ಮ್ಯಾಟ್ ಹಾಸಿದ ಒಂದು ಸಣ್ಣ ಕೋಣೆಯಿತ್ತು. ಅದನ್ನು ಎಲ್ಲರೂ ಡಂಜನ್, ಅಂದರೆ ನೆಲದಡಿಯ ಸೆರೆಮನೆ, ಎಂದೇ ಕರೆಯುತ್ತಿದ್ದರು. ಕುಸ್ತಿ ಕಲಿಯಲು ಬಂದ ಗಟ್ಟಿಮುಟ್ಟಾದ ಯುವಕರನ್ನು ಸ್ಟೂ ಅಲ್ಲಿ ನಿಜವಾದ ಪಟ್ಟುಗಳಲ್ಲಿ ಸಿಕ್ಕಿಸಿ ಹಿಂಡುತ್ತಿದ್ದರು. ಅವರ ಚೀರಾಟ ಮೇಲಿನ ಕೋಣೆಗಳವರೆಗೂ ಕೇಳಿಸುತ್ತಿತ್ತು. ಪ್ರದರ್ಶನದ ಕುಸ್ತಿಗೆ ಇಳಿಯುವವನಿಗೆ ನಿಜವಾದ ನೋವಿನ ಪರಿಚಯ ಇರಲೇಬೇಕು ಎಂಬುದು ಆ ಹಳೆಯ ಪೀಳಿಗೆಯ ನಂಬಿಕೆ. ನಮ್ಮ ಗರಡಿಮನೆಗಳ ಉಸ್ತಾದರಿಗೂ ಈ ಮಾತು ಅಪರಿಚಿತವಲ್ಲ.

1957ರ ಜುಲೈ 2ರಂದು ಹುಟ್ಟಿದ ಬ್ರೆಟ್, ಸ್ಟೂ ಮತ್ತು ಹೆಲೆನ್ ದಂಪತಿಯ ಹನ್ನೆರಡು ಮಕ್ಕಳಲ್ಲಿ ಎಂಟನೆಯವರು. ಎಂಟು ಗಂಡುಮಕ್ಕಳೂ ಒಂದಲ್ಲ ಒಂದು ರೀತಿಯಲ್ಲಿ ಕುಸ್ತಿಯ ಕೆಲಸಕ್ಕೆ ಬಂದರು. ನಾಲ್ವರು ಹೆಣ್ಣುಮಕ್ಕಳೂ ಕುಸ್ತಿಪಟುಗಳನ್ನೇ ಮದುವೆಯಾದರು. ಬ್ರೆಟ್ ಶಾಲೆ ಮತ್ತು ಕಾಲೇಜಿನಲ್ಲಿ ಹವ್ಯಾಸಿ ಕುಸ್ತಿಯ ಪಟ್ಟಗಳನ್ನು ಗೆದ್ದು, ತಂದೆಯ ಸಂಸ್ಥೆಯಲ್ಲಿ ಮೊದಲು ರೆಫರಿಯಾಗಿ ದುಡಿದು, ಆಮೇಲೆ ಕುಸ್ತಿಪಟುವಾದರು. ವೃತ್ತಿಯ ಪಾಠ ಹೇಳಿಕೊಟ್ಟವರು ತಂದೆಗಿಂತ ಹೆಚ್ಚಾಗಿ ಜಪಾನಿನ ಕತ್ಸುಜಿ ಅದಾಚಿ ಮತ್ತು ಕಜುವೊ ಸಕುರಾದಾ. ಹೇಗೆ ಬೀಳಬೇಕು, ಬೀಳಿಸುವಾಗ ಎದುರಿನವನ ತಲೆಯನ್ನು ಹೇಗೆ ಕಾಯಬೇಕು ಎಂಬುದನ್ನು ಅವರಿಂದ ಕಲಿತೆನೆಂದು ಬ್ರೆಟ್ ಕೃತಜ್ಞತೆಯಿಂದ ನೆನೆಯುತ್ತಾರೆ. ತಂದೆಯಿಂದ ಬಂದದ್ದು ನೋವಿನ ಅರಿವು, ಈ ಗುರುಗಳಿಂದ ಬಂದದ್ದು ನೋವಾಗದಂತೆ ನೋವನ್ನು ಕಾಣಿಸುವ ವಿದ್ಯೆ. ಬ್ರೆಟ್ ಅವರಲ್ಲಿ ಎರಡೂ ಕೂಡಿಕೊಂಡವು.

1984ರಲ್ಲಿ ಸ್ಟೂ ತಮ್ಮ ಸಂಸ್ಥೆಯನ್ನು ಅಮೆರಿಕದ ಕುಸ್ತಿ ಉದ್ಯಮಿ ವಿನ್ಸ್ ಮೆಕ್‌ಮಹೊನ್ ಅವರ ಡಬ್ಲ್ಯುಡಬ್ಲ್ಯುಎಫ್‌ಗೆ ಮಾರಿದಾಗ ಬ್ರೆಟ್ ಕೂಡ ಅಲ್ಲಿಗೆ ಹೋದರು. ಭಾವ ಜಿಮ್ ನೀಡ್‌ಹಾರ್ಟ್ ಜೊತೆಗೂಡಿ ಹಾರ್ಟ್ ಫೌಂಡೇಶನ್ ಎಂಬ ಜೋಡಿಯಾಗಿ ಎರಡು ಬಾರಿ ಪಟ್ಟ ಗೆದ್ದರು. ದೈತ್ಯರನ್ನೇ ಮುಂದಿಡುತ್ತಿದ್ದ ಆ ಕಾಲದಲ್ಲಿ ಆರಡಿ ಎತ್ತರದ, ಸುಮಾರು 106 ಕಿಲೋ ತೂಕದ ಮನುಷ್ಯನಿಗೆ ಒಂಟಿಯಾಗಿ ಮೇಲೆ ಬರುವ ದಾರಿ ಸುಲಭದ್ದಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಕೇಬಲ್ ಟಿ.ವಿ. ಬಂದಾಗ ಮಕ್ಕಳ ಜೇಬು ತುಂಬಿದ್ದ ಟ್ರಂಪ್ ಕಾರ್ಡುಗಳಲ್ಲಿಯೂ ಎತ್ತರ, ತೂಕ, ಎದೆಯಳತೆಗಳದ್ದೇ ಲೆಕ್ಕ. ಆ ಲೆಕ್ಕದಲ್ಲಿ ಬ್ರೆಟ್ ಅವರ ಕಾರ್ಡು ದೈತ್ಯರ ಮುಂದೆ ನಿಲ್ಲುತ್ತಿರಲಿಲ್ಲ. ಆದರೂ ಗುಲಾಬಿ ಮತ್ತು ಕಪ್ಪು ಬಣ್ಣದ ಉಡುಪಿನಲ್ಲಿ ಬಂದು, ತಮ್ಮ ಕನ್ನಡಕವನ್ನು ರಿಂಗಿನ ಪಕ್ಕದ ಯಾವುದೋ ಮಗುವಿಗೆ ತೊಡಿಸಿ ಹೋಗುತ್ತಿದ್ದ ಅವರನ್ನು ಇಷ್ಟಪಟ್ಟ ಮಕ್ಕಳು ನಮ್ಮಲ್ಲಿಯೂ ಬಹಳ ಇದ್ದರು.

ಡಬ್ಲ್ಯುಡಬ್ಲ್ಯುಎಫ್‌ನ ವಾರ್ಷಿಕ ಕುಸ್ತಿಮೇಳವಾದ 1991ರ ಸಮ್ಮರ್‌ಸ್ಲ್ಯಾಮ್‌ನ ಪಂದ್ಯವನ್ನು ಈಗಲೂ ನೋಡಬೇಕು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸ್ಟೂ ಮತ್ತು ಹೆಲೆನ್ ಪ್ರೇಕ್ಷಕರ ನಡುವೆ ಕುಳಿತಿದ್ದರು. ಎದುರಾಳಿ ಮಿಸ್ಟರ್ ಪರ್ಫೆಕ್ಟ್, ಅಂದರೆ ಕರ್ಟ್ ಹೆನ್ನಿಗ್, ಅವರೂ ಕುಸ್ತಿಪಟುವಿನ ಮಗನೇ. ಬೆನ್ನಿಗೆ ತೀವ್ರವಾದ ಗಾಯವಾಗಿದ್ದರೂ ತಮ್ಮ ಬಳಿಯಿದ್ದ ಇಂಟರ್‌ಕಾಂಟಿನೆಂಟಲ್ ಪಟ್ಟವನ್ನು ಬ್ರೆಟ್ ಅವರಿಗೆ ಸರಿಯಾಗಿ ಒಪ್ಪಿಸಬೇಕೆಂದು ಹೆನ್ನಿಗ್ ರಿಂಗಿಗೆ ಇಳಿದಿದ್ದರು. ಕೊನೆಯಲ್ಲಿ ಕೆಳಗೆ ಬಿದ್ದಿದ್ದ ಬ್ರೆಟ್ ಮೇಲೆ ಹೆನ್ನಿಗ್ ಕಾಲಿನಿಂದ ಎರಗುತ್ತಾರೆ. ಬ್ರೆಟ್ ಮಲಗಿದಲ್ಲಿಂದಲೇ ಆ ಕಾಲನ್ನು ಹಿಡಿದು, ಸುತ್ತಿ, ಹೊರಳಿಸಿ ಶಾರ್ಪ್‌ಶೂಟರ್ ಹಾಕುತ್ತಾರೆ. ಎದುರಾಳಿಯ ಎರಡೂ ಕಾಲುಗಳನ್ನು ತನ್ನ ಒಂದು ಕಾಲಿನ ಸುತ್ತ ಹೆಣೆದು, ಅವನನ್ನು ಬೋರಲು ಮಾಡಿ, ಸೊಂಟದ ಮೇಲೆ ಹಿಂದಕ್ಕೆ ಬಾಗುವ ಪಟ್ಟು ಅದು. ಬೆನ್ನು ಕೆಟ್ಟವನಿಗೆ ಅದಕ್ಕಿಂತ ಅಪಾಯದ ಪಟ್ಟು ಇನ್ನೊಂದಿಲ್ಲ. ಪಟ್ಟು ಬಿದ್ದ ಕೂಡಲೇ ಹೆನ್ನಿಗ್ ಸೋಲೊಪ್ಪುತ್ತಾರೆ, ಬ್ರೆಟ್ ಬಿಟ್ಟುಬಿಡುತ್ತಾರೆ. ಇಬ್ಬರು ಕುಸ್ತಿಪಟುಗಳ ಮಕ್ಕಳು ಪರಸ್ಪರರಿಗೆ ತೋರಿದ ಮರ್ಯಾದೆಯಾಗಿ ನಾನು ಆ ಪಂದ್ಯವನ್ನು ನೋಡುತ್ತೇನೆ.

ಮರುವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ತಂಗಿಯ ಗಂಡ ಡೇವಿ ಬಾಯ್ ಸ್ಮಿತ್ ಅವರಿಗೆ ಸೋತ ಪಂದ್ಯವೂ ಇದೇ ಸಾಲಿಗೆ ಸೇರುತ್ತದೆ. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಸ್ಮಿತ್ ಮೊದಲೇ ಮಾತಾಡಿಕೊಂಡದ್ದೆಲ್ಲವನ್ನೂ ಮರೆತುಬಿಟ್ಟಿದ್ದರೆಂದೂ, ಮುಂದಿನ ಪ್ರತಿಯೊಂದು ಪಟ್ಟನ್ನೂ ತಾವೇ ಹೇಳಿಕೊಟ್ಟು ನಡೆಸಿದರೆಂದೂ ಬ್ರೆಟ್ ನಂತರ ತಿಳಿಸಿದ್ದಾರೆ. ಅದೇ ಅಕ್ಟೋಬರ್ 12ರಂದು ಸಸ್ಕಾಟೂನ್‌ನಲ್ಲಿ ರಿಕ್ ಫ್ಲೇರ್ ಅವರನ್ನು ಸೋಲಿಸಿ ಅವರು ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದರು. ಆ ಪಟ್ಟ ಒಟ್ಟು ಐದು ಬಾರಿ ಅವರದಾಯಿತು.

1997ರ ಮಾರ್ಚ್ 23ರಂದು ನಡೆದ, ಅದೇ ಸಂಸ್ಥೆಯ ಇನ್ನೊಂದು ವಾರ್ಷಿಕ ಮೇಳವಾದ ರೆಸಲ್‌ಮೇನಿಯಾ 13ರಲ್ಲಿ ಸ್ಟೀವ್ ಆಸ್ಟಿನ್ ಎದುರಿನ ಪಂದ್ಯ ಅವರ ಶ್ರೇಷ್ಠ ಕೆಲಸ. ಮುಖದ ತುಂಬ ರಕ್ತ ಸುರಿಯುತ್ತಿದ್ದರೂ ಆಸ್ಟಿನ್ ಶಾರ್ಪ್‌ಶೂಟರ್‌ನಲ್ಲಿ ಸೋಲೊಪ್ಪದೆ ಪ್ರಜ್ಞೆ ತಪ್ಪುವವರೆಗೂ ಹಲ್ಲು ಕಚ್ಚಿ ನಿಂತ ಕಥೆ ಅದು. ಖಳನಾಗಿ ಒಳಬಂದ ಆಸ್ಟಿನ್ ನಾಯಕನಾಗಿ ಹೊರಹೋದರು, ನಾಯಕನಾಗಿ ಬಂದ ಬ್ರೆಟ್ ಖಳನಾದರು. ತನ್ನ ಜನಪ್ರಿಯತೆಯನ್ನೇ ಎದುರಿನವನ ಕೈಗೆ ಕೊಟ್ಟುಬಿಡಲು ದೊಡ್ಡ ಮನಸ್ಸು ಬೇಕು. ಆ ಆಗಸ್ಟಿನಲ್ಲಿ ಅದೇ ಆಸ್ಟಿನ್ ಅವರ ಕುತ್ತಿಗೆಗೆ ಭಾರಿ ಪೆಟ್ಟಾದದ್ದು ಬ್ರೆಟ್ ಅವರ ತಮ್ಮ ಓವೆನ್ ತಲೆಕೆಳಗಾಗಿ ಹಿಡಿದು ಕುಕ್ಕಿದ ಒಂದು ಪಟ್ಟಿನಿಂದ. ಹಾರ್ಟ್ ಮನೆತನದವರ ಕೈಯೂ ತಪ್ಪಬಹುದಾದಷ್ಟು ಸೂಕ್ಷ್ಮವಾದ ಕೆಲಸ ಇದು.

ಅದೇ ವರ್ಷದ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆದದ್ದನ್ನು ಕುಸ್ತಿ ನೋಡುವವರೆಲ್ಲ ಬಲ್ಲರು. ಪ್ರತಿಸ್ಪರ್ಧಿ ಸಂಸ್ಥೆ ಡಬ್ಲ್ಯುಸಿಡಬ್ಲ್ಯುಗೆ ಹೊರಟಿದ್ದ ಬ್ರೆಟ್, ತಮ್ಮ ದೇಶದ ಜನರೆದುರು ಎದುರಾಳಿ ಶಾನ್ ಮೈಕೆಲ್ಸ್‌ಗೆ ಪಟ್ಟ ಬಿಟ್ಟುಕೊಡಲು ಒಪ್ಪಿರಲಿಲ್ಲ. ಬೇರೆ ಮುಕ್ತಾಯಕ್ಕೆ ಮಾತಾಗಿತ್ತು. ಮಾತಿನಂತೆ ತಮ್ಮದೇ ಶಾರ್ಪ್‌ಶೂಟರ್ ಹಾಕಿಸಿಕೊಳ್ಳಲು ಬ್ರೆಟ್ ನಂಬಿಕೆಯಿಂದ ಕಾಲು ಕೊಟ್ಟಾಗ, ಅವರು ಸೋಲೊಪ್ಪದಿದ್ದರೂ ಮೆಕ್‌ಮಹೊನ್ ಆಜ್ಞೆಯಂತೆ ಗಂಟೆ ಬಾರಿಸಿ ಅವರು ಸೋತರೆಂದು ಸಾರಲಾಯಿತು. ವ್ಯಾಪಾರದ ಲೆಕ್ಕದಲ್ಲಿ ಇದನ್ನು ಸಮರ್ಥಿಸುವವರು ಇಂದಿಗೂ ಇದ್ದಾರೆ. ನಾನು ಅವರ ಮಾತನ್ನು ಒಪ್ಪಲಾರೆ. ಮೈಯನ್ನೇ ಒಪ್ಪಿಸಿ ಮಲಗಿದವನಿಗೆ ಆ ಗಳಿಗೆಯಲ್ಲಿ ಮಾಡಿದ ಮೋಸ ಅದು.

ಮುಂದಿನ ವರ್ಷಗಳು ಓದಲೂ ಕಷ್ಟವಾಗುವಂಥವು. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ, ಛಾವಣಿಯಿಂದ ಹಗ್ಗದಲ್ಲಿ ಇಳಿದು ಪ್ರವೇಶಿಸಬೇಕಿದ್ದ ಓವೆನ್ ಕೆಳಗೆ ಬಿದ್ದು ತೀರಿಕೊಂಡರು. ಅವರಿಗೆ ಆಗ 34 ವರ್ಷ. ಅದೇ ಡಿಸೆಂಬರ್ 19ರಂದು ಡಬ್ಲ್ಯುಸಿಡಬ್ಲ್ಯು ಪಂದ್ಯವೊಂದರಲ್ಲಿ ಎದುರಾಳಿ ಬಿಲ್ ಗೋಲ್ಡ್‌ಬರ್ಗ್ ಒದ್ದ ಒಂದು ಒದೆ ಬ್ರೆಟ್ ಅವರ ತಲೆಗೆ ನೇರವಾಗಿ ತಗುಲಿತು. ಪೆಟ್ಟಿನ ತೀವ್ರತೆ ಅರಿಯದೆ ಕೆಲವು ವಾರ ಸೆಣಸಿದ ಅವರು 2000ದಲ್ಲಿ ನಿವೃತ್ತರಾಗಬೇಕಾಯಿತು. 2002ರ ಜೂನ್‌ನಲ್ಲಿ ಸೈಕಲ್ಲಿನಿಂದ ಬಿದ್ದು ತಲೆಗೆ ಏಟಾಗಿ, ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ತಿಂಗಳುಗಟ್ಟಲೆ ವ್ಯಾಯಾಮ ಚಿಕಿತ್ಸೆಯಿಂದ ಅವರು ಮತ್ತೆ ನಡೆದಾಡಿದರು. 2001ರಲ್ಲಿ ತಾಯಿ, 2003ರಲ್ಲಿ ತಂದೆ ಹೋದರು.

2010ರ ಜನವರಿ 4ರಂದು ಅವರು ಮೆಕ್‌ಮಹೊನ್ ಅವರ ಸಂಸ್ಥೆಯ ರಿಂಗಿಗೆ ಮರಳಿ, ಶಾನ್ ಮೈಕೆಲ್ಸ್ ಅವರನ್ನು ಎಲ್ಲರೆದುರು ಅಪ್ಪಿಕೊಂಡರು. ಆ ಹೊತ್ತಿಗೆ ಸೋದರ ಸೊಸೆ ನಟಾಲಿಯಾ, ಅಂದರೆ ಜಿಮ್ ನೀಡ್‌ಹಾರ್ಟ್ ಅವರ ಮಗಳು, ಮನೆತನದ ಮೂರನೇ ತಲೆಮಾರಾಗಿ ಅಲ್ಲಿ ಸೆಣಸುತ್ತಿದ್ದರು. ಅವರೂ ಶಾರ್ಪ್‌ಶೂಟರನ್ನೇ ಹಾಕುತ್ತಾರೆ. 2025ರಲ್ಲಿ ಆ ಸಂಸ್ಥೆಯ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಮೊದಲ ಬಾರಿಗೆ ವ್ಯಕ್ತಿಗಳ ಜೊತೆಗೆ ಒಂದು ಪಂದ್ಯವನ್ನೇ ಗೌರವಿಸಲು ನಿರ್ಧರಿಸಿದಾಗ ಆರಿಸಿಕೊಂಡದ್ದು ರೆಸಲ್‌ಮೇನಿಯಾ 13ರ ಪಂದ್ಯವನ್ನು. ಆ ಗೌರವ ಬ್ರೆಟ್ ಮತ್ತು ಆಸ್ಟಿನ್ ಇಬ್ಬರಿಗೂ ಒಟ್ಟಾಗಿ ಸಂದಿತು.