ಕಾನೂನು ಬಂದರೂ ಶಿಕಾಗೊ ಬಡಾವಣೆಗಳು ಯಾಕೆ ಬೆರೆತಿಲ್ಲ?

ಶಿಕಾಗೊಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆ ಇದು: ಮನೆ ಮಾರಾಟದಲ್ಲಿ ಜನಾಂಗಭೇದ ಕೂಡದೆಂಬ ಕಾನೂನು 1968ರಲ್ಲೇ ಬಂತಲ್ಲ, ಕಪ್ಪು ಜನರ ಬಡಾವಣೆಗಳು ಇನ್ನೂ ಯಾಕೆ ಬೇರೆ? ತಮ್ಮವರ ಜೊತೆಗಿರುವುದೇ ಅವರಿಗಿಷ್ಟವೇನೋ?

ಇಷ್ಟದ ಮಾತಾಗಿದ್ದರೆ ಬಾಂಬ್ ಬೇಕಿರಲಿಲ್ಲ. 1917ರಿಂದ 1921ರ ಮಾರ್ಚ್ ಒಳಗೆ ಈ ಊರಲ್ಲಿ 58 ಬಾಂಬ್ ಸಿಡಿದವು. ಗುರಿ, ಬಿಳಿಯರ ಬೀದಿಗೆ ಬಂದ ಕಪ್ಪು ಕುಟುಂಬಗಳು ಮತ್ತು ಅವರಿಗೆ ಮನೆ ಕೊಡಿಸಿದವರು. 1919ರ ಜನಾಂಗೀಯ ದಂಗೆಯಲ್ಲಿ 38 ಜನ ಸತ್ತರು. 1951ರಲ್ಲಿ ಪಕ್ಕದ ಬಿಳಿಯರ ಊರು ಸಿಸೆರೊದಲ್ಲಿ ಹಾರ್ವಿ ಕ್ಲಾರ್ಕ್ ಎಂಬ ಕಪ್ಪು ಬಸ್ ಚಾಲಕ ಬಾಡಿಗೆಗೆ ಫ್ಲಾಟ್ ಹಿಡಿದದ್ದಕ್ಕೆ ಸಾವಿರಾರು ಜನ ನುಗ್ಗಿ ಕಟ್ಟಡವನ್ನೇ ಹಾಳುಗೆಡವಿದರು. ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ಆರೋಪ ಹೊರಿಸಿದ್ದು ಕ್ಲಾರ್ಕ್ ಪರ ವಕೀಲರ ಮೇಲೆ, ಕಟ್ಟಡದ ಒಡತಿಯ ಮೇಲೆ. ದಾಂಧಲೆ ಮಾಡಿದವರ ಮೇಲಲ್ಲ!

ಆದರೆ ಬಾಂಬು, ದಾಂಧಲೆಗಿಂತ ಹೆಚ್ಚು ಕಾಲ ಬಾಳಿದ್ದು ಕಾಗದಪತ್ರ. 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ. ಅಲ್ಲಿ ಮನೆಸಾಲಕ್ಕೆ ಸರ್ಕಾರದ ಖಾತರಿ ಸಿಗುತ್ತಿರಲಿಲ್ಲ. ಉಳಿದದ್ದು ಕಂತಿನ ಕರಾರು. ದಲ್ಲಾಳಿ ಬಿಳಿಯರ ಬೀದಿಗೆ ಹೋಗಿ "ಕಪ್ಪು ಜನ ಬರುತ್ತಿದ್ದಾರೆ" ಎಂದು ಹೆದರಿಸಿ ಅಗ್ಗಕ್ಕೆ ಮನೆ ಕೊಳ್ಳುತ್ತಿದ್ದ. ಅದನ್ನೇ ಎಷ್ಟೋ ಸಲ ದುಪ್ಪಟ್ಟು ಬೆಲೆಗೆ ಕಪ್ಪು ಕುಟುಂಬಕ್ಕೆ ಕೊಡುತ್ತಿದ್ದ. ಮುಂಗಡ, ಕಂತು, ತೆರಿಗೆ, ರಿಪೇರಿ ಎಲ್ಲ ಕೊಂಡವರ ತಲೆಗೆ. ಕ್ರಯಪತ್ರ ಮಾತ್ರ ಕೊನೆಯ ಕಂತು ತೀರುವವರೆಗೆ ಮಾರಿದವನ ಹತ್ತಿರ. ಒಂದು ಕಂತು ತಪ್ಪಿದರೂ ಮನೆ ಬಿಡಿಸಬಹುದಿತ್ತು, ಕಟ್ಟಿದ ಹಣವೂ ಮುಳುಗುತ್ತಿತ್ತು. ಅದೇ ಮನೆ ಇನ್ನೊಬ್ಬರಿಗೆ ಮತ್ತೆ ಮಾರಾಟ. ಕಂತು ಹೊಂದಿಸಲು ಗಂಡಹೆಂಡಿರು ಎರಡೆರಡು ಕೆಲಸ ಮಾಡುತ್ತಿದ್ದರು, ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು, ಸೋರುವ ಮಾಡಿನ ರಿಪೇರಿ ಮುಂದೂಡುತ್ತಿದ್ದರು. ಆಮೇಲೆ ಅದನ್ನೇ ತೋರಿಸಿ "ಇವರು ಬಂದರೆ ಬೀದಿ ಹಾಳು" ಎಂದವರಿಗೆ ಬರವಿರಲಿಲ್ಲ.

1968ರ ಕಾನೂನು ಈ ನಷ್ಟ ತುಂಬಿಕೊಡಲಿಲ್ಲ, ಅದರ ಜಾರಿಗೆ ಹಲ್ಲು ಬಂದದ್ದೂ 1988ರ ತಿದ್ದುಪಡಿಯಿಂದ. ಅಮೆರಿಕದಲ್ಲಿ ಸಾಮಾನ್ಯ ಕುಟುಂಬದ ಆಸ್ತಿಯೆಂದರೆ ಬಹುಪಾಲು ಮನೆಯೇ. ಅಜ್ಜನ ಕೈಗೆ ಬಾರದ ಮನೆ ಮೊಮ್ಮಗನ ಮುಂಗಡಕ್ಕೂ ಆಗಿಬರುವುದಿಲ್ಲ. ಸುತ್ತಲಿನ ಎಷ್ಟೋ ಉಪನಗರಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆಯೆಂಬ ನಿಯಮ. ಅದರಲ್ಲಿ ಜನಾಂಗದ ಸುದ್ದಿಯೇ ಇಲ್ಲ, ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಮಾತ್ರ ಏಳುವುದಿಲ್ಲ. ಶಾಲೆಗಳಿಗೆ ದುಡ್ಡು ಬರುವುದೂ ಹೆಚ್ಚಾಗಿ ಸ್ಥಳೀಯ ಮನೆತೆರಿಗೆಯಿಂದ. ನೇಪರ್‌ವಿಲ್ ಎಂಬ ಉಪನಗರದ ಕಡೆ ಮನೆ ನೋಡುವ ನಮ್ಮವರು "ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್" ಎಂದು ಹೆಚ್ಚಿಗೆ ತೆರುವುದು ಈ ಲೆಕ್ಕಾಚಾರಕ್ಕೇ.